ಹೆಮ್ಮಾರಿಯ ಫೋಟೊ

ಮೇ ತಿಂಗಳಲ್ಲಿ ದೊಡ್ಡಪ್ಪನ ವರ್ಷದ ಕಾರ್ಯ ಮುಗಿದ ಮಾರನೇ ದಿನ ದೊಡ್ಡಮ್ಮ ನನ್ನನ್ನ ಅಟ್ಟ ಹತ್ತಿಸಿದರು. "ಆ ಪೇಪರ್ ಕಟ್ಟುಗಳನ್ನೆಲ್ಲ ಇಳಿಸೋ, ರದ್ದಿಗೆ ಹಾಕೋಣ. ಈಗ ಒಳ್ಳೇ ರೇಟಿದೆಯಂತೆ" ಅಂದರು. ಭದ್ರಾವತಿಯ ಜನ್ನಾಪುರದಲ್ಲಿ ಅವರ ಮನೆ. ಇಳಿಸಿ ಎಣಿಸಿದರೆ ಹದಿನಾಲ್ಕು ಕಟ್ಟು. ತಿಂಗಳಿಗೊಂದು, ಸೆಣಬಿನ ದಾರದಲ್ಲಿ ಬಿಗಿದು, ಮೇಲೆ ಸ್ಕೆಚ್ ಪೆನ್ನಿನಲ್ಲಿ ತಿಂಗಳು, ಇಸವಿ. 2020ರ ಮಾರ್ಚಿಗೆ ಶುರು, 2021ರ ಏಪ್ರಿಲ್‌ಗೆ ಮುಗಿತು. 2021ರ ಮೇ ತಿಂಗಳ ಪೇಪರ್‌ಗಳು ಮಾತ್ರ ಒಂದು ಬಟ್ಟೆ ಚೀಲದಲ್ಲಿ ಹಾಗೇ ತುರುಕಿದ್ದವು. ಕಟ್ಟುವವರು ಅಷ್ಟೊತ್ತಿಗೆ ಇರಲಿಲ್ಲ.

ದೊಡ್ಡಪ್ಪ ಎಂಪಿಎಂನಲ್ಲಿ ಇದ್ದವರು. ಹೊರಗಿನವರಿಗೆ ಹೇಳೋದಾದರೆ ಮೈಸೂರು ಕಾಗದ ಕಾರ್ಖಾನೆ. 1936ರಲ್ಲಿ ಹುಟ್ಟಿದ್ದು, ಎಂಬತ್ತರ ದಶಕದಿಂದ ಪತ್ರಿಕೆಗಳಿಗೆ ನ್ಯೂಸ್‌ಪ್ರಿಂಟ್ ಕೊಟ್ಟಿದ್ದು, 2015-16ರ ಹೊತ್ತಿಗೆ ಮಷೀನು ನಿಂತುಹೋಗಿದ್ದು. ಪೇಪರ್ ಕೈಗೆ ಬಂದ ಕೂಡಲೇ ಅವರು ಸುದ್ದಿ ಓದುತ್ತಿರಲಿಲ್ಲ. ಮೂಲೆಯನ್ನ ಎರಡು ಬೆರಳ ನಡುವೆ ಒಮ್ಮೆ ಉಜ್ಜಿ ನೋಡೋರು. "ನಮ್ದಲ್ಲ" ಅನ್ನೋರು. ಆಮೇಲೆ ಕನ್ನಡಕ ಹುಡುಕೋರು.

ಲಾಕ್‌ಡೌನ್ ಶುರುವಾದಾಗ ಪೇಪರಿನಿಂದಲೂ ಕೊರೊನಾ ಬರುತ್ತೆ ಅನ್ನೋ ಗುಲ್ಲು ಎದ್ದಿತ್ತು, ನಿಮಗೂ ನೆನಪಿರಬಹುದು. ಬರೋದಿಲ್ಲ ಅಂತ ಪತ್ರಿಕೆಗಳು ದಿನಾ ಹೇಳಿಕೊಂಡವು. ದೊಡ್ಡಮ್ಮ ನಂಬಲಿಲ್ಲ. ಪೇಪರನ್ನ ಕಾಂಪೌಂಡ್ ಗೋಡೆ ಮೇಲೆ ಹರಡಿ, ನಾಲ್ಕು ಮೂಲೆಗೂ ಕಲ್ಲಿಟ್ಟು, ಒಂದು ಗಂಟೆ ಬಿಸಿಲು ಕಾಯಿಸಿ ಆಮೇಲೆ ಒಳಗೆ ಬಿಡೋರು. ಹಾಗಾಗಿ ಆ ಏಪ್ರಿಲ್ ಕಟ್ಟಿನಲ್ಲಿ ಮುಖಪುಟಗಳು ಒಳಪುಟಗಳಿಗಿಂತ ಹಳದಿಯಾಗಿವೆ.

ರದ್ದಿಗೆ ಹಾಕೋ ಮೊದಲು ಮೂರು ದಿನ ಕೂತು ಎಲ್ಲಾ ತಿರುವಿದೆ. ಸುದ್ದಿ ಓದಲಿಲ್ಲ, ಚಿತ್ರಗಳನ್ನ ಮಾತ್ರ ನೋಡಿದೆ. ಎರಡು ರಾಜ್ಯಮಟ್ಟದ ಪತ್ರಿಕೆ, ಒಂದು ಶಿವಮೊಗ್ಗದ್ದು. ಹೆಸರು ಹೇಳೋದಿಲ್ಲ. ಹೇಳಿದರೆ ಜಗಳ ಆ ಮೂರರ ಮೇಲೆ ಹೋಗುತ್ತೆ, ನನ್ನ ತಕರಾರು ಅದಕ್ಕಿಂತ ದೊಡ್ಡದು.

ಮೊದಲು ಸಿಗೋದು ಆ ಚೆಂಡು. ಬೂದು ಮೈ, ಮೇಲೆಲ್ಲ ಕೆಂಪು ಮೊಳೆ. 2020ರ ಜನವರಿಯಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಇಬ್ಬರು ಕಲಾವಿದರು, ಅಲಿಸಾ ಎಕರ್ಟ್ ಮತ್ತು ಡ್ಯಾನ್ ಹಿಗಿನ್ಸ್, ಕಂಪ್ಯೂಟರಿನಲ್ಲಿ ಮಾಡಿದ್ದು. ಕಣ್ಣಿಗೆ ಕಾಣದ್ದನ್ನ ಜನ ಗಂಭೀರವಾಗಿ ತಗೊಳ್ಳಲಿ ಅಂತ. ಅವರ ಕೆಲಸ ಅವರು ಚೆನ್ನಾಗೇ ಮಾಡಿದರು. ಆದರೆ ವೈರಸ್ಸಿಗೆ ಬಣ್ಣ ಇಲ್ಲ. ಅದರ ಅಡ್ಡಳತೆ ಸುಮಾರು 100 ನ್ಯಾನೊಮೀಟರ್. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆಯ ಉದ್ದ ಶುರುವಾಗೋದೇ 400ರ ಆಸುಪಾಸಿನಲ್ಲಿ. ಆ ಕೆಂಪು ಕಲಾವಿದರು ಕೊಟ್ಟಿದ್ದು.

ನಮ್ಮ ಪುಟ ವಿನ್ಯಾಸಕರ ಕೈಗೆ ಬಂದ ಮೇಲೆ ಚೆಂಡಿಗೆ ಮೊದಲು ಕಣ್ಣು ಬಂತು. ಆಮೇಲೆ ಕೋರೆಹಲ್ಲು. ಏಪ್ರಿಲ್ ಮಧ್ಯದ ಹೊತ್ತಿಗೆ ಕೈಕಾಲು ಬಂದು, ರಾಜ್ಯದ ನಕ್ಷೆಯ ಮೇಲೆ ಕೂತು, ಜಿಲ್ಲೆಗಳನ್ನ ಹಪ್ಪಳದ ಹಾಗೆ ಮುರಿದು ತಿನ್ನೋಕೆ ಶುರು ಮಾಡಿತು. ಬಿಡಿಸಿದವರಿಗೆ ಕೈಚಳಕ ಇದೆ, ಇಲ್ಲ ಅನ್ನೋಕಾಗಲ್ಲ. ನೋಡಿದ ಮೇಲೆ ಓದುಗ ಏನು ಮಾಡಬೇಕು ಅನ್ನೋದು ಮಾತ್ರ ಅದರಲ್ಲಿ ಎಲ್ಲೂ ಇಲ್ಲ.

ಯಾಕೆ ಹೀಗೆ ಕೇಳ್ತೀನಿ ಅಂದರೆ, ಶಿವಮೊಗ್ಗ ಜಿಲ್ಲೆಗೆ ರೋಗದ ಚಿತ್ರ ಹೊಸದಲ್ಲ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದ ಮೇಲೆ ಪತ್ತೆಯಾದ ಕಾಯಿಲೆ ನಮ್ಮಲ್ಲಿ ಈಗಲೂ ಇದೆ. ಜಗತ್ತಿಗೆ ಅದು ಕೆಎಫ್‌ಡಿ, ನಮಗೆ ಮಂಗನ ಕಾಯಿಲೆ. ಕೊರೊನಾ ಬರುವ ಒಂದೇ ವರ್ಷ ಮೊದಲು, 2018ರ ಕೊನೆಯಿಂದ 2019ರ ಬೇಸಿಗೆವರೆಗೆ, ಸಾಗರ ತಾಲೂಕಿನ ಅರಲಗೋಡು ಕಡೆ ಅದು ಜನರನ್ನ ಕೊಂದಿತ್ತು. ಆಗಿನ ಪತ್ರಿಕೆಗಳನ್ನ ನೆನಪು ಮಾಡಿಕೊಳ್ಳಿ. ಅಡಿಕೆ ತೋಟದ ಅಂಚಿನಲ್ಲಿ ಸತ್ತು ಬಿದ್ದ ಮಂಗ, ಅಂಗೈ ಮೇಲಿನ ಉಣುಗಿನ ದೊಡ್ಡದು ಮಾಡಿದ ಫೋಟೊ, ಕೈಕಾಲಿಗೆ ಡಿಎಂಪಿ ಎಣ್ಣೆ ಹಚ್ಚಿಕೊಳ್ಳುತ್ತಿರುವ ಹೆಂಗಸು. ಚಂದದ ಚಿತ್ರಗಳೇನಲ್ಲ. ಬೆಳಗ್ಗೆ ಕಾಫಿ ಜೊತೆ ಸತ್ತ ಮಂಗ ಯಾರಿಗೆ ಬೇಕು? ಆದರೆ ಪ್ರತಿಯೊಂದೂ ಓದಿದವರಿಗೆ ಒಂದು ಕೆಲಸ ಹೇಳುತ್ತಿತ್ತು. ಸತ್ತ ಮಂಗ ಕಂಡರೆ ತಿಳಿಸಿ. ದರಕು ಗುಡಿಸೋಕೆ ಹೋಗೋ ಮುಂಚೆ ಎಣ್ಣೆ ಹಚ್ಚಿ. ರೋಗ ಎಲ್ಲಿಂದ ಬರುತ್ತೆ, ಯಾವ ದಾರೀಲಿ ಬರುತ್ತೆ ಅನ್ನೋದು ಆ ಚಿತ್ರದೊಳಗೇ ಇತ್ತು.

ಕೊರೊನಾಕ್ಕೆ ಅಂಥ ಚಿತ್ರ ಯಾವುದು? ನನ್ನ ಪ್ರಕಾರ ಮುಚ್ಚಿದ ಕಿಟಕಿ. ಗಾಳಿಯಾಡದ ಕೋಣೆ, ಅದರೊಳಗೆ ಮಾತಾಡುತ್ತಿರುವ ಹತ್ತು ಜನ. ಹದಿನಾಲ್ಕು ಕಟ್ಟಿನಲ್ಲಿ ಹುಡುಕಿದೆ, ತೆರೆದ ಕಿಟಕಿಯ ಒಂದು ಫೋಟೊ ಕಾಣಲಿಲ್ಲ. ಕಂಡಿದ್ದು ಔಷಧಿ ಸಿಂಪಡಣೆ. ಅಗ್ನಿಶಾಮಕದ ಗಾಡಿ ಖಾಲಿ ರಸ್ತೆಗೆ ಹುಯ್ಯುತ್ತಿರುವ ನೀರಿನ ಕಮಾನು, ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿಗೆ ಬೆನ್ನಿನ ಪಂಪಿನಿಂದ ಹೊಡೆಯುತ್ತಿರುವ ಪೌರಕಾರ್ಮಿಕ. ಬಿಸಿಲು ಹಿಂದಿನಿಂದ ಬಿದ್ದರೆ ಆ ಹನಿಗಳು ಎಷ್ಟು ಚೆನ್ನಾಗಿ ಬರುತ್ತವೆ ಅಂತ ಫೋಟೊ ತೆಗೆಯುವವರಿಗೆಲ್ಲ ಗೊತ್ತು. ಬೀದಿಗೆ ಹೀಗೆ ಹೊಡೆಯೋದರಿಂದ ಉಪಯೋಗವಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಲ್ಲೇ ಹೇಳಿತ್ತು. ಚಿತ್ರಗಳು ಮಾತ್ರ ಆಮೇಲೂ ಬರುತ್ತಲೇ ಇದ್ದವು. ಕಿಟಕಿ ತೆಗೆಯೋದು ಫೋಟೊಗೆ ಒಗ್ಗಲ್ಲ, ಪಂಪ್ ಹೊಡೆಯೋದು ಒಗ್ಗುತ್ತೆ. ಆ ಎರಡು ವರ್ಷ ನಾವು ಎಷ್ಟು ಜನ ತರಕಾರಿ ತೊಳೆದು, ಹಾಲಿನ ಪ್ಯಾಕೆಟ್ ತೊಳೆದು, ಆಮೇಲೆ ಬಾಗಿಲು ಕಿಟಕಿ ಭದ್ರವಾಗಿ ಹಾಕಿಕೊಂಡು ನೆಂಟರ ಜೊತೆ ಕೂತೆವು ಅಂತ ಯೋಚನೆ ಮಾಡಿದರೆ ಹೊಟ್ಟೆ ಉರಿಯುತ್ತೆ.

ಚಿತ್ರ ಅಂದರೆ ಫೋಟೊ, ವ್ಯಂಗ್ಯಚಿತ್ರ ಮಾತ್ರ ಅಲ್ಲ. ತಲೆಬರಹದೊಳಗೂ ಚಿತ್ರ ಇರುತ್ತೆ. ಹೆಮ್ಮಾರಿಯ ಅಟ್ಟಹಾಸ. ಮಹಾಮಾರಿಯ ರಣಕೇಕೆ. ಮರಣ ಮೃದಂಗ. ಜಿಲ್ಲೆಗೂ ವಕ್ಕರಿಸಿದ ಕೊರೊನಾ. ಪ್ರಕರಣ ನೂರು ದಾಟಿದ ದಿನ ಶತಕ ಬಾರಿಸಿದ ಕೊರೊನಾ. ಈ ಕೊನೆಯದನ್ನ ಬರೆದವರು ಒಂದು ನಿಮಿಷ ಪೆನ್ನು ಕೆಳಗಿಟ್ಟಿದ್ದರೆ ಸಾಕಿತ್ತು. ಶತಕ ಬಾರಿಸಿದವನಿಗೆ ನಾವು ಚಪ್ಪಾಳೆ ಹೊಡೀತೀವಿ, ಬ್ಯಾಟ್ ಎತ್ತಿ ತೋರಿಸ್ತಾನೆ. ಇಲ್ಲಿ ಬ್ಯಾಟು ಯಾರ ಕೈಲಿದೆ, ಚೆಂಡು ಯಾರು?

ಇನ್ನು ಹೆಮ್ಮಾರಿ. ಈ ಪದದ ಬಗ್ಗೆ ಶಿವಮೊಗ್ಗದವರಿಗೆ ಸ್ವಲ್ಪ ಜಾಸ್ತಿ ಹಕ್ಕಿದೆ ಅಂತ ನನ್ನ ನಂಬಿಕೆ. ಎರಡು ವರ್ಷಕ್ಕೊಮ್ಮೆ ಕೋಟೆ ಮಾರಿಕಾಂಬೆಯ ಜಾತ್ರೆ ಮಾಡುವ ಊರಿದು. ಗಾಂಧಿ ಬಜಾರ್ ಅವಳ ತವರು. ಮೊದಲ ದಿನ ಅಲ್ಲಿ ಮಡಿಲಕ್ಕಿ, ಸೀರೆ, ಬಳೆ. ಆಮೇಲೆ ಕೋಟೆಯ ಗದ್ದುಗೆ. ಮಾರಿ ನಮಗೆ ತವರಿಗೆ ಬಂದ ಹೆಣ್ಣುಮಗಳು. ಮಕ್ಕಳಿಗೆ ಮೈಮೇಲೆ ಗುಳ್ಳೆ ಎದ್ದರೆ ದೊಡ್ಡಮ್ಮ ಇವತ್ತಿಗೂ ಕಾಯಿಲೆ ಅನ್ನಲ್ಲ, "ಅಮ್ಮ ಆಗಿದೆ" ಅಂತಾರೆ. ಬೆಂಗಳೂರಿಗೆ 1898ರಲ್ಲಿ ಪ್ಲೇಗ್ ಬಂದ ಮೇಲೆ ಜನ ಅದನ್ನೂ ಪ್ಲೇಗಮ್ಮ ಅಂದು ಗುಡಿ ಕಟ್ಟಿದರು. ಇದನ್ನ ಹೊಗಳೋಕೆ ಹೇಳ್ತಿಲ್ಲ. ಅಮ್ಮ ಅಂದ ಮಾತ್ರಕ್ಕೆ ಸಿಡುಬು ಯಾರನ್ನೂ ಬಿಡಲಿಲ್ಲ, ಲಸಿಕೆ ಬಂದೇ ಅದು ಹೋಗಿದ್ದು. ಆದರೆ ಆ ಮಾತಿಗೆ ಒಂದು ಮರ್ಯಾದೆ ಇತ್ತು. ರೋಗ ಬಂದ ಮನೆಯನ್ನ ಜನ ಅಮ್ಮ ಬಂದ ಮನೆ ಅಂತ ನೋಡುತ್ತಿದ್ದರು. ದೂರ ನಿಲ್ಲುತ್ತಿದ್ದರು, ಬೇವು ಕಟ್ಟುತ್ತಿದ್ದರು, ಕಲ್ಲು ಹೊಡೆಯುತ್ತಿರಲಿಲ್ಲ. ಪತ್ರಿಕೆ ಆ ಮಾರಿಯಿಂದ ಮಡಿಲಕ್ಕಿ ಕಿತ್ತುಕೊಂಡು ಕೋರೆಹಲ್ಲು ಮಾತ್ರ ಉಳಿಸಿತು. ಹೆಮ್ಮಾರಿ ಹೊಕ್ಕ ಮನೆ ಅಂದಮೇಲೆ ಆ ಮನೆಯವರೂ ಹೆಮ್ಮಾರಿಯ ಕಡೆಯವರೇ ಆದರು. ಬಾಗಿಲಿಗೆ ಅಂಟಿಸಿದ ಸೀಲ್‌ಡೌನ್ ಚೀಟಿಯ ಫೋಟೊ, ಬೀದಿಗೆ ಅಡ್ಡ ಕಟ್ಟಿದ ತಗಡಿನ ಶೀಟಿನ ಫೋಟೊ, ಮನೆ ನಂಬರು ಕಾಣುವ ಹಾಗೆ. ಒಳಗಿದ್ದವರು ಮತ್ತೆ ಹೊರಗೆ ಬಂದು ಅದೇ ಬೀದಿಯ ಅಂಗಡಿಗೆ ಹಾಲಿಗೆ ಹೋಗಬೇಕು ಅನ್ನೋದು ಕ್ಯಾಮೆರಾ ಹಿಡಿದವರಿಗೆ ಹೊಳೆಯಲಿಲ್ಲ.

ಈ ಮನೆ ಗುರುತಿಸುವ ಕೆಲಸ ನಮ್ಮ ಜಿಲ್ಲೇಲಿ ಶುರುವಾದ ದಿನಾಂಕವನ್ನೂ ಕಟ್ಟುಗಳು ಹೇಳುತ್ತವೆ. 2020ರ ಏಪ್ರಿಲ್ ಕೊನೆಗೆ ಕೇಂದ್ರ ಆರೋಗ್ಯ ಇಲಾಖೆ ಜಿಲ್ಲೆಗಳನ್ನ ಕೆಂಪು, ಕಿತ್ತಳೆ, ಹಸಿರು ಅಂತ ವಿಂಗಡಿಸಿತಲ್ಲ, ಶಿವಮೊಗ್ಗ ಹಸಿರು. ಪತ್ರಿಕೆಗಳಲ್ಲಿ ನಕ್ಷೆ ಬಂತು. ದೊಡ್ಡಪ್ಪ ಆ ನಕ್ಷೆಯನ್ನ ಕತ್ತರಿಸಿ ಫ್ರಿಜ್ ಮೇಲೆ ಅಂಟಿಸಿದ್ದರು, ಮಗನ ಮಾರ್ಕ್ಸ್ ಕಾರ್ಡ್ ಅಂಟಿಸಿದ ಹಾಗೆ. ಮೇ 10ಕ್ಕೆ ಹಸಿರು ಹೋಯಿತು. ಅಹಮದಾಬಾದಿನಿಂದ ವಾಪಸ್ ಬಂದಿದ್ದ ಎಂಟು ಜನರಿಗೆ ಸೋಂಕು ಖಚಿತವಾಯಿತು. ತಬ್ಲೀಗ್ ಜಮಾತಿನವರು. ಊರೊಳಗೆ ತಿರುಗಾಡುವ ಮೊದಲೇ ಅವರನ್ನ ತಡೆದು ಕ್ವಾರಂಟೈನ್ ಮಾಡಿದ್ದರಿಂದಲೇ ಪತ್ತೆಯಾಗಿದ್ದು. ಅಂದರೆ ವ್ಯವಸ್ಥೆ ಮಾಡಬೇಕಾದ ಕೆಲಸ ಮಾಡಿತ್ತು, ಅದು ಸುದ್ದಿಯಾಗಬೇಕಿತ್ತು.

ಮಾರನೇ ದಿನದ ಒಂದು ಪತ್ರಿಕೆಯಲ್ಲಿ ಆ ಸುದ್ದಿಯ ಜೊತೆಗಿರುವ ಫೋಟೊ ದೆಹಲಿಯ ನಿಜಾಮುದ್ದೀನ್‌ದು. ಮಾರ್ಚ್ ಕೊನೇ ವಾರ, ಬಿಳಿ ಟೋಪಿ, ಬಸ್ಸು ಹತ್ತಲು ನಿಂತ ಉದ್ದ ಸಾಲು. ಕೆಳಗೆ ಸಣ್ಣ ಅಕ್ಷರದಲ್ಲಿ 'ಸಾಂದರ್ಭಿಕ ಚಿತ್ರ'. ಈ ಎರಡು ಪದದಷ್ಟು ಅನುಕೂಲದ ಪದ ಕನ್ನಡ ಪತ್ರಿಕೋದ್ಯಮದಲ್ಲಿ ಬೇರೆ ಇಲ್ಲ. ಆ ಫೋಟೊ ಸುಳ್ಳಲ್ಲ, ನಿಜಾಮುದ್ದೀನ್‌ನಲ್ಲಿ ಆ ಸಾಲು ಇತ್ತು. ಆದರೆ ಶಿಕಾರಿಪುರದ ಕಡೆಯ ಕೆಲವರ ಸುದ್ದಿಗೆ ದೆಹಲಿಯ ನೂರಾರು ಜನರ ಸಾಲು ತಂದಿಟ್ಟರೆ ಓದುಗನ ಕಣ್ಣಲ್ಲಿ ಎಂಟು ನೂರಾಗುತ್ತೆ, ಆ ನೂರು ಪಕ್ಕದ ಬೀದಿಗೆ ಬರುತ್ತೆ. ಗಾಂಧಿ ಬಜಾರೂ ಅಮೀರ್ ಅಹಮದ್ ವೃತ್ತವೂ ಕಾಲ್ನಡಿಗೆ ದೂರದಲ್ಲಿರುವ ಊರಿನಲ್ಲಿ ಇದರ ಅರ್ಥ ಏನು ಅಂತ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೂ ಎರಡು ತಿಂಗಳ ಮುಂಚೆ, ಮಾರ್ಚಿನಲ್ಲಿ, 'ದಿ ಹಿಂದೂ' ಒಂದು ವ್ಯಂಗ್ಯಚಿತ್ರ ಹಾಕಿತ್ತು. ಭೂಗೋಳಕ್ಕೆ ಬಂದೂಕು ಹಿಡಿದ ವೈರಸ್ಸು, ಮೈಮೇಲೆ ಪಠಾಣಿ ದಿರಿಸು. ಓದುಗರು ಆಕ್ಷೇಪಿಸಿದ ಮೇಲೆ ಪತ್ರಿಕೆ ಕ್ಷಮೆ ಕೇಳಿ, ದಿರಿಸು ತೆಗೆಸಿ ಚಿತ್ರ ಬದಲಿಸಿತು. ಡೆನ್ಮಾರ್ಕಿನ 'ಯುಲಾಂಡ್ಸ್ ಪೋಸ್ಟನ್' ಜನವರಿಯಲ್ಲಿ ಚೀನಾ ಬಾವುಟದ ಐದು ನಕ್ಷತ್ರಗಳ ಜಾಗದಲ್ಲಿ ಐದು ವೈರಸ್ ಇಟ್ಟು ಚೀನಾದ ರಾಯಭಾರ ಕಚೇರಿಯಿಂದ ಬೈಸಿಕೊಂಡಿತ್ತು. ವ್ಯಂಗ್ಯಚಿತ್ರಕ್ಕೆ ಬರೆದವರ ಸಹಿ ಇರುತ್ತೆ, ಹಾಗಾಗಿ ಅದನ್ನ ಹಿಡಿದು ಕೇಳಬಹುದು. ಸಾಂದರ್ಭಿಕ ಚಿತ್ರಕ್ಕೆ ಸಹಿ ಇಲ್ಲ, ದಿನಾಂಕ ಇಲ್ಲ, ಕ್ಷಮೆ ಕೇಳೋಕೆ ಆಕ್ಷೇಪವೇ ಹುಟ್ಟೋದಿಲ್ಲ. ನನಗೆ ಹೆಚ್ಚು ಭಯ ಇದರ ಬಗ್ಗೆ.

ಜಿಲ್ಲಾ ಪುಟಗಳ ಕಡೆ ಬಂದರೆ ಸ್ವಲ್ಪ ನಗು ಬರುತ್ತೆ. ಬಿಕೋ ಎನ್ನುತ್ತಿರುವ ಶಿವಪ್ಪನಾಯಕ ವೃತ್ತ, ಬಿಕೋ ಎನ್ನುತ್ತಿರುವ ಬಿ.ಎಚ್. ರಸ್ತೆ, ಬಿಕೋ ಎನ್ನುತ್ತಿರುವ ರಂಗಪ್ಪ ವೃತ್ತ. 'ಬಿಕೋ' ಅನ್ನೋ ಪದಕ್ಕೆ ಆ ಎರಡು ತಿಂಗಳಲ್ಲಿ ರಜೆಯೇ ಸಿಗಲಿಲ್ಲ. ಆಮೇಲೆ ಕಿಟ್ ವಿತರಣೆ. ಒಂದು ಪ್ಲಾಸ್ಟಿಕ್ ಚೀಲ, ಅದನ್ನ ಹಿಡಿದ ಹತ್ತು ಕೈ, ತೆಗೆದುಕೊಳ್ಳುವ ಮುದುಕಿಯ ಮುಖ ಮಾತ್ರ ಯಾರದೋ ಭುಜದ ಹಿಂದೆ. ಮಾಸ್ಕುಗಳು ಗಲ್ಲದ ಕೆಳಗೆ, ಯಾಕಂದರೆ ಮುಖ ಕಾಣದಿದ್ದರೆ ಕಿಟ್ ಕೊಟ್ಟಿದ್ದು ಯಾರು ಅಂತ ಗೊತ್ತಾಗೋದು ಹೇಗೆ? ಫೋಟೊ ತೆಗೆದ ಹುಡುಗರನ್ನ ಬೈಯೋಲ್ಲ. ಪಾಸು ಕುತ್ತಿಗೆಗೆ ಹಾಕಿಕೊಂಡು, ಹೆಂಡತಿ ಮಕ್ಕಳನ್ನ ಮನೇಲಿ ಬಿಟ್ಟು, ಸಂಬಳ ಬರುತ್ತೋ ಇಲ್ಲವೋ ಗೊತ್ತಿಲ್ಲದೆ ತಿರುಗಿದವರು ಅವರು. ಕರೆದ ಕಡೆ ಹೋದರು, ತೆಗಿ ಅಂದಿದ್ದು ತೆಗೆದರು.

ಎರಡು ಫೋಟೊ ಮಾತ್ರ ಎತ್ತಿಟ್ಟುಕೊಂಡಿದ್ದೀನಿ. ಒಂದು ಏಪ್ರಿಲ್ ಕಟ್ಟಿನದು. ಗುಲಾಬಿ ಸೀರೆಯ ಆಶಾ ಕಾರ್ಯಕರ್ತೆಯರ ತಲೆ ಮೇಲೆ ಹೂವಿನ ಎಸಳು ಬೀಳುತ್ತಿದೆ, ಮೂರು ಕಾಲಂ, ಬಣ್ಣದಲ್ಲಿ, 'ಕೊರೊನಾ ವಾರಿಯರ್ಸ್'. ಇನ್ನೊಂದು ಜುಲೈ ಕಟ್ಟಿನದು. ಅದೇ ಗುಲಾಬಿ ಸೀರೆ, ಈ ಸಲ ಕಪ್ಪುಬಿಳುಪು ಪುಟದಲ್ಲಿ, ಒಂದೂವರೆ ಕಾಲಂ. ತಿಂಗಳಿಗೆ 12,000 ರೂಪಾಯಿ ನಿಗದಿ ಗೌರವಧನ ಕೊಡಿ ಅಂತ 2020ರ ಜುಲೈ 10ರಿಂದ ರಾಜ್ಯದ ಆಶಾಗಳು ಮುಷ್ಕರ ಮಾಡಿದರಲ್ಲ, ಆಗಿನದು. ಯೋಧ ಅಂದರೆ ಸಾಯೋಕೆ ತಯಾರಾದವನು, ಸಂಬಳ ಕೇಳುವವನಲ್ಲ. ಆ ಪದವನ್ನ ಅವರ ಮೇಲೆ ಹೂವಿನ ಜೊತೆ ಚೆಲ್ಲಿದಾಗಲೇ ಜುಲೈ ಫೋಟೊದ ಅಳತೆ ನಿರ್ಧಾರವಾಗಿತ್ತು ಅನ್ನಿಸುತ್ತೆ.

2021ರ ಏಪ್ರಿಲ್ ಕಟ್ಟು ಎಲ್ಲಕ್ಕಿಂತ ಭಾರ. ಪುಟ ಹೆಚ್ಚಿದ್ದವು ಅಂತಲ್ಲ. ಎತ್ತುವಾಗ ಹಾಗನ್ನಿಸಿತು, ಅಷ್ಟೆ.

ಆ ಹೊತ್ತಿಗೆ ಚೆಂಡು ಮಾಯ. ಕೊನೇ ವಾರದ ತುಂಬ ಬೆಂಕಿ. ದೆಹಲಿಯ ಚಿತಾಗಾರವೊಂದರ ಮೇಲಿನಿಂದ ರಾಯಿಟರ್ಸ್‌ನ ದಾನಿಶ್ ಸಿದ್ದಿಕಿ ಏಪ್ರಿಲ್ 22ರಂದು ತೆಗೆದ ಚಿತ್ರವನ್ನ ಜಗತ್ತೆಲ್ಲ ನೋಡಿತು. ಮನೆಗಳ ಒತ್ತಿನಲ್ಲೇ ಸಾಲು ಸಾಲು ಚಿತೆ. ಮೂರೇ ತಿಂಗಳಿಗೆ, ಜುಲೈ 16ಕ್ಕೆ, ಅಫ್ಘಾನಿಸ್ತಾನದಲ್ಲಿ ಸಿದ್ದಿಕಿಯವರೇ ಕೊಲ್ಲಲ್ಪಟ್ಟರು. ನಾನು ಈ ಕಟ್ಟುಗಳನ್ನ ಬಿಚ್ಚುತ್ತಿದ್ದ 2022ರ ಮೇ ತಿಂಗಳಲ್ಲೇ ಅವರಿಗೂ ಮೂವರು ಸಹೋದ್ಯೋಗಿಗಳಿಗೂ ಆ ಕೆಲಸಕ್ಕೆ ಪುಲಿಟ್ಜರ್ ಬಂತು. ಚಿತೆಗಳ ಫೋಟೊ ಹಾಕಿದ್ದು ದೇಶದ ಮಾನ ಕಳೆಯೋಕೆ ಅಂದವರು ಬಹಳ ಜನ ಇದ್ದರು. ನಾನು ಆ ಗುಂಪಿನವನಲ್ಲ. ಸರಕಾರಗಳು ಲೆಕ್ಕ ಕಡಿಮೆ ಹೇಳುವಾಗ ಚಿತೆಯ ಫೋಟೊ ಒಂದು ಸಾಕ್ಷಿ. ಗುಜರಾತಿನಲ್ಲಿ 'ಸಂದೇಶ್' ಪತ್ರಿಕೆಯ ವರದಿಗಾರರು ಸ್ಮಶಾನಗಳಲ್ಲಿ ಕೂತು ಹೆಣ ಎಣಿಸಿದರು. 'ದಿವ್ಯ ಭಾಸ್ಕರ್' ಮರಣ ಪ್ರಮಾಣಪತ್ರಗಳನ್ನ ಎಣಿಸಿತು. 2021ರ ಮಾರ್ಚ್ 1ರಿಂದ ಮೇ 10ರವರೆಗೆ ಆ ರಾಜ್ಯದಲ್ಲಿ ಸುಮಾರು 1.23 ಲಕ್ಷ, ಹಿಂದಿನ ವರ್ಷ ಅದೇ ಅವಧಿಗೆ ಸುಮಾರು 58 ಸಾವಿರ. ಸರಕಾರ ಆ ಅವಧಿಯಲ್ಲಿ ಒಪ್ಪಿಕೊಂಡ ಕೋವಿಡ್ ಸಾವು 4,218. ಇಂಥ ಎಣಿಕೆಯ ಪಕ್ಕದಲ್ಲಿ ಬಂದರೆ ಚಿತೆಯ ಫೋಟೊಗೆ ಹಲ್ಲಿರುತ್ತೆ.

ನಮ್ಮ ಕಟ್ಟುಗಳಲ್ಲಿ ಬೆಂಕಿ ಮಾತ್ರ ಇದೆ, ಎಣಿಕೆ ಇಲ್ಲ. ದೆಹಲಿಯ ಬೆಂಕಿ, ಆಮೇಲೆ ಬೆಂಗಳೂರಿನ ಹೊರಗಿನ ಗಿಡ್ಡೇನಹಳ್ಳಿ, ತಾವರೆಕೆರೆಯ ಬಯಲು ಚಿತೆಗಳ ಬೆಂಕಿ. ಎಲ್ಲಾ ಮೇಲಿನಿಂದ ತೆಗೆದದ್ದು. ಮೇಲಿನಿಂದ ನೋಡಿದರೆ ಚಿತೆ ಕಾಣುತ್ತೆ, ಚಿತೆಯ ಪಕ್ಕ ನಿಂತವನ ನೆತ್ತಿ ಮಾತ್ರ ಕಾಣುತ್ತೆ. ಅವನು ಮಗನೋ, ಅಳಿಯನೋ, ದುಡ್ಡು ತಗೊಂಡು ಕೆಲಸ ಮಾಡುವ ಹುಡುಗನೋ ಗೊತ್ತಾಗಲ್ಲ. ಓದುವವನಿಗೆ ಅದು ಬೇರೆ ಯಾವುದೋ ಊರಿನ ಸಾವು. ದೊಡ್ಡಪ್ಪ ಫೋನಿನಲ್ಲಿ ನನಗೆ ಹೇಳಿದ ಮಾತು ನೆನಪಿದೆ: "ಬೆಂಗಳೂರು ಡೆಲ್ಲಿಯೆಲ್ಲ ಸುಟ್ಟು ಹೋಗ್ತಿದೆ ಕಣೋ. ಸದ್ಯ, ನಮ್ಮ ಕಡೆ ಅಷ್ಟಿಲ್ಲ." ಆ ವಾರ ಅವರು ಒಂದು ಮದುವೆಗೆ ಹೋಗಿ ಬಂದರು.

ಮೇ ತಿಂಗಳ ಚೀಲದಲ್ಲಿ ಸಿಲಿಂಡರ್. 2ರ ರಾತ್ರಿ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ ಆಮ್ಲಜನಕವಿಲ್ಲದೆ ಸತ್ತವರ ಸುದ್ದಿ. ಮೊದಲು 24 ಅಂದರು, ಅದರಲ್ಲೂ ಆಮ್ಲಜನಕದಿಂದ ಮೂವರು ಮಾತ್ರ ಅಂದರು, ಆಮೇಲೆ ಹೈಕೋರ್ಟಿನ ಸಮಿತಿ 36 ಅಂದಿತು. 5ಕ್ಕೆ ರಾಜ್ಯದಲ್ಲಿ ಒಂದೇ ದಿನ 50,112 ಹೊಸ ಪ್ರಕರಣ, ಕೆಂಪಕ್ಷರದಲ್ಲಿ, ಅಂಗೈ ಅಗಲ. ಇತ್ತ ಭದ್ರಾವತಿಯಲ್ಲಿ ವಿಐಎಸ್‌ಎಲ್‌ನ ಆಕ್ಸಿಜನ್ ಘಟಕದ ಮಾತು ಎದ್ದಿತು, ಉಕ್ಕಿಗೆ ಊದುವ ಗಾಳಿ ಈಗ ಎದೆಗೆ ಬೇಕು. ಆ ಸುದ್ದಿಯ ಫೋಟೊದಲ್ಲಿ ಪೈಪುಗಳ ಮುಂದೆ ನಿಂತ ಗಣ್ಯರು. ಯಾರೋ ಬೆರಳು ತೋರಿಸುತ್ತಿದ್ದಾರೆ, ಉಳಿದವರು ಬೆರಳು ತೋರಿಸಿದ ಕಡೆ ನೋಡುತ್ತಿದ್ದಾರೆ.

ದೊಡ್ಡಪ್ಪ ಹೋಗಿದ್ದು ಆ ತಿಂಗಳ ಮಧ್ಯದಲ್ಲಿ. ಆಸ್ಪತ್ರೆಯಲ್ಲಿ ಒಂಬತ್ತು ದಿನ. ಕೊನೆಗೆ ನಮಗೆ ಸಿಕ್ಕಿದ್ದು ಒಂದು ಫೋಟೊ. ಪಿಪಿಇ ಹಾಕಿದ್ದ ಒಬ್ಬರು ತಮ್ಮ ಮೊಬೈಲಿನಲ್ಲಿ ತೆಗೆದು ನಮ್ಮ ತಮ್ಮನಿಗೆ ಕಳಿಸಿದ್ದು, ಮುಖದ ಹತ್ತಿರ ಜಿಪ್ ಸ್ವಲ್ಪ ತೆಗೆದು. ಯಾರೂ ಕೇಳಿರಲಿಲ್ಲ, ಅವರಾಗೇ ಮಾಡಿದರು. ಆ ಮೂರು ವಾರದಲ್ಲಿ ನಾನು ಕಂಡ ಅತ್ಯಂತ ಮರ್ಯಾದಸ್ಥ ಛಾಯಾಗ್ರಹಣ ಅದು. ದೊಡ್ಡಮ್ಮ ಇನ್ನೂ ಅದನ್ನ ನೋಡಿಲ್ಲ. ಕೇಳಿಯೂ ಇಲ್ಲ.

ಶ್ರದ್ಧಾಂಜಲಿ ಜಾಹೀರಾತು ಬರೆಯೋಕೆ ಕೂತಾಗ ನಾನು ಪೇಪರಿನ ಭಾಷೆಯಲ್ಲೇ ಶುರು ಮಾಡಿದ್ದೆ, ಅದೇ ಕೈಗೆ ಬರುತ್ತಿತ್ತು. ಕೊರೊನಾಕ್ಕೆ ಬಲಿಯಾದ ಅಂತ. ಓದಿ ಹೇಳಿದೆ. ದೊಡ್ಡಮ್ಮ ಮೂಲೆಯಿಂದ ಕೇಳಿದರು: "ಬಲಿ ಅಂತ ಹಾಕಬೇಡ. ಅವರೇನು ಕುರೀನಾ?"

ಜಾತ್ರೆ ಮಾಡುವ ಊರಿನ ಹೆಂಗಸು. ಬಲಿ ಅಂದರೆ ಏನು ಅಂತ ಅವರಿಗೆ ಗೊತ್ತು. ಬಲಿಗೆ ಕೊಡುವವರು ಒಬ್ಬರಿರುತ್ತಾರೆ, ತಗೊಳ್ಳುವವಳು ಒಬ್ಬಳಿರುತ್ತಾಳೆ, ಕಡಿದ ಮೇಲೆ ಊರಿಗೆ ಒಳ್ಳೇದಾಗುತ್ತೆ. ಹದಿನಾಲ್ಕು ತಿಂಗಳು ದಿನಾ ಬೆಳಗ್ಗೆ "ಇಬ್ಬರು ಬಲಿ", "ನಾಲ್ವರು ಬಲಿ" ಅಂತ ಓದಿದ ನನಗೆ ಒಂದು ಸಲವೂ ಆ ಪದದೊಳಗಿನ ಕುರಿ ಕಂಡಿರಲಿಲ್ಲ.

ಕೊರೊನಾ ಅನ್ನೋದನ್ನೂ ಅವರು ಹಾಕಿಸಲಿಲ್ಲ. ಓಣಿಯಲ್ಲಿ ತಲೆ ಎತ್ತಿ ಓಡಾಡಬೇಕಲ್ಲ ಅಂದರು. 'ಅಲ್ಪಕಾಲದ ಅಸೌಖ್ಯದಿಂದ' ಅಂತ ಬರೆದೆ. ಆ ದಿನದ ಪುಟ ಚೀಲದಲ್ಲಿ ಸಿಕ್ಕಿತು. ಪುಟದ ತುಂಬ ಅಂಥವೇ ಚೌಕಗಳು. ಅಲ್ಪಕಾಲದ ಅಸೌಖ್ಯ, ಹೃದಯಾಘಾತ, ದೈವಾಧೀನ. ಸದ್ಯದ ಪರಿಸ್ಥಿತಿಯಲ್ಲಿ ತಾವಿದ್ದಲ್ಲಿಂದಲೇ ಪ್ರಾರ್ಥಿಸಿ. ಇಟಲಿಯ ಬೆರ್ಗಮೊ ಊರಿನ ಪತ್ರಿಕೆ 'ಲೆಕೊ ದಿ ಬೆರ್ಗಮೊ' 2020ರ ಮಾರ್ಚ್ 13ರಂದು ಹತ್ತು ಪುಟ ಶ್ರದ್ಧಾಂಜಲಿ ಹಾಕಿದಾಗ ಅದೇ ಒಂದು ಸುದ್ದಿಯಾಯಿತು. ಅಮೆರಿಕದ 'ನ್ಯೂಯಾರ್ಕ್ ಟೈಮ್ಸ್' ಅದೇ ಮೇ 24ರಂದು ಫೋಟೊ ಎಲ್ಲಾ ತೆಗೆದುಹಾಕಿ ಮುಖಪುಟದಿಂದ ಶುರುಮಾಡಿ ಸತ್ತವರಲ್ಲಿ ಸಾವಿರ ಜನರ ಹೆಸರು ತುಂಬಿತು, ಒಬ್ಬೊಬ್ಬರಿಗೂ ಒಂದೊಂದು ಸಾಲು. ನಮ್ಮ ಪತ್ರಿಕೆಗಳಲ್ಲಿ ಅಂಥ ಪುಟ ಇತ್ತು, ಆರನೆಯದೋ ಎಂಟನೆಯದೋ ಪುಟ, ದುಡ್ಡು ಕೊಟ್ಟು ನಾವೇ ಹಾಕಿಸಿದ್ದು. ಮುಖಪುಟದಲ್ಲಿ ಮುಖವಿಲ್ಲದ ಬೆಂಕಿ, ಎಂಟನೇ ಪುಟದಲ್ಲಿ ಕಾರಣವಿಲ್ಲದ ಮುಖಗಳು. ಎರಡನ್ನೂ ಜೋಡಿಸಿ ನೋಡಿದ್ದರೆ ಜಿಲ್ಲೆಯಲ್ಲಿ ಏನಾಗುತ್ತಿದೆ ಅಂತ ಮೇ ಮೊದಲ ವಾರದಲ್ಲೇ ಕಾಣುತ್ತಿತ್ತು. ಜೋಡಿಸುವ ಕೆಲಸ ಸಂಪಾದಕರದು. ಮರೆಮಾಚಿದ್ದರಲ್ಲಿ ನಮ್ಮ ಪಾಲೂ ಇದೆ, ಒಪ್ಪಿಕೊಳ್ತೀನಿ. ಆದರೆ ದೊಡ್ಡಮ್ಮನಿಗೆ ಆ ಹೆದರಿಕೆ ಎಲ್ಲಿಂದ ಬಂತು? ಕೋರೆಹಲ್ಲಿನ ಚೆಂಡು, ಬಾಗಿಲಿನ ಚೀಟಿ, ತಗಡಿನ ಶೀಟು ಇವನ್ನೆಲ್ಲ ವರ್ಷಗಟ್ಟಲೆ ಬಿಸಿಲಿಗೆ ಒಣಗಿಸಿ ಮನೆಯೊಳಗೆ ತಂದವರು ಅವರೇ.

ಪರಿಹಾರಕ್ಕೆ ಅರ್ಜಿ ಹಾಕುವಾಗ ಕೋವಿಡ್ ಅಂತ ಇರುವ ಕಾಗದ ಬೇಕಾಯಿತು. ಆಸ್ಪತ್ರೆಯ ದಾಖಲೆಯಲ್ಲಿ ಇತ್ತು, ಬಚಾವಾದೆವು.

ಶ್ರದ್ಧಾಂಜಲಿಗೆ ಕೊಟ್ಟ ಫೋಟೊ ಎಂಪಿಎಂನ ಗುರುತಿನ ಚೀಟಿಯದು. ಸ್ಟುಡಿಯೋ ಎಲ್ಲಾ ಮುಚ್ಚಿದ್ದವು, ಬೇರೆ ಒಳ್ಳೇ ಫೋಟೊ ಸಿಗಲಿಲ್ಲ. ಮೂವತ್ತರ ಆಸುಪಾಸಿನ ಮುಖ, ದಪ್ಪ ಮೀಸೆ, ಕೊರಳಪಟ್ಟಿಗೆ ಕಂಪನಿಯ ಸೀಲು ಅರ್ಧ ಬಿದ್ದಿದೆ. ಕೆಳಗೆ ವಯಸ್ಸು 71 ಅಂತಿದೆ. ನೋಡಿದವರು ಮಗನೋ ಏನೋ ಅಂದುಕೊಂಡರಂತೆ.

ನಾಲ್ಕನೇ ದಿನ ರದ್ದಿಯವನು ಬಂದ. ತಕ್ಕಡಿಗೆ ಹಾಕುವ ಮುಂಚೆ ದೊಡ್ಡಮ್ಮ ಚೀಲದಿಂದ ಆ ಒಂದು ಪುಟ ತೆಗೆದು ಪಕ್ಕಕ್ಕಿಟ್ಟರು. ಒಂದು ಕ್ಷಣ ನಿಂತು, ಅದರ ಮೂಲೆಯನ್ನ ಎರಡು ಬೆರಳ ನಡುವೆ ಉಜ್ಜಿ ನೋಡಿದರು. ಏನೂ ಹೇಳಲಿಲ್ಲ. ಕಟ್ಟುಗಳ ದಾರ ಮಾತ್ರ ಬಿಚ್ಚಿಕೊಂಡು ಕೊಡು ಅಂದರು, ಒಳ್ಳೇ ಸೆಣಬು, ಬೇಕಾಗುತ್ತೆ.